ವಿವೇರಿಯಂ ಮಠ: ಧರ್ಮಗ್ರಂಥದ ಜೊತೆಗೆ ಏಳು ವಿದ್ಯೆಗಳು
ಸ್ಕ್ವಿಲ್ಲಾಚೆ, ಕಲಾಬ್ರಿಯಾ, ದಕ್ಷಿಣ ಇಟಲಿ | ಕ್ರಿ.ಶ. 6ನೇ ಶತಮಾನ

ಗ್ರೀಕ್‌–ರೋಮನ್ ವಿದ್ಯೆ ಕ್ರೈಸ್ತರಿಗೆ ಬೇಕೇ? ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಅದನ್ನು ಸಂಶಯದಿಂದ ಕಂಡ. ಸತ್ಯವಿದ್ದುದನ್ನು ಆಯ್ದು ಬಳಸಬಹುದೆಂದು ಸಂತ ಅಗಸ್ಟೀನ್ ವಾದಿಸಿದ. ಅದನ್ನು ಪಠ್ಯಕ್ರಮವಾಗಿ ರೂಪಿಸಿದವನು ಕ್ಯಾಸಿಯೊಡೋರಸ್.

ಆಗ ಇಟಲಿಯನ್ನು ಆಳುತ್ತಿದ್ದ ಆಸ್ಟ್ರೋಗಾಥ್ ದೊರೆಗಳ ಬಳಿ ಉನ್ನತಾಧಿಕಾರಿಯಾಗಿದ್ದ ಈತ ರೋಮ್‌ನಲ್ಲಿ ಕ್ರೈಸ್ತ ವಿದ್ಯಾಪೀಠ ಕಟ್ಟಹೊರಟಾಗ ಯುದ್ಧ ಅಡ್ಡಬಂತು. ಮುಂದೆ ತನ್ನ ಮನೆತನದ ಜಮೀನಿನಲ್ಲಿ, ಮೀನುಕೊಳಗಳ ಪಕ್ಕ, ಈ ಮಠ ಸ್ಥಾಪಿಸಿದ. ಸನ್ಯಾಸಿಗಳಿಗೆಂದು ಬರೆದ ‘ಇನ್‌ಸ್ಟಿಟ್ಯೂಷನೆಸ್’ನ ಮೊದಲ ಭಾಗ ಧರ್ಮಗ್ರಂಥಗಳಿಗೆ, ಎರಡನೆಯದು ವ್ಯಾಕರಣ, ಅಲಂಕಾರಶಾಸ್ತ್ರ, ತರ್ಕ, ಅಂಕಗಣಿತ, ಸಂಗೀತ, ರೇಖಾಗಣಿತ, ಖಗೋಳಶಾಸ್ತ್ರಕ್ಕೆ ಮೀಸಲು.

ರಾತ್ರಿ ಗ್ರಂಥ ನಕಲು ಮಾಡುವವರಿಗೆ ಎಣ್ಣೆ ತಾನಾಗಿ ತುಂಬಿಕೊಳ್ಳುವ ದೀಪಗಳಿದ್ದವು. ಹೊತ್ತು ನೋಡಲು ನೀರುಗಡಿಯಾರವಿತ್ತು. 93ನೇ ವಯಸ್ಸಿನಲ್ಲಿ ಕ್ಯಾಸಿಯೊಡೋರಸ್ ಅವರಿಗಾಗಿ ಕಾಗುಣಿತದ ಕೈಪಿಡಿ ಬರೆದ.