ನಲ್ಲಿಯ ಕೆಮ್ಮಿನ ಹಿಂದಿನ ಗಣಿತ

ನೀರು ಬಿಡುವ ದಿನ ಕುರುಬರಹಳ್ಳಿಯಂಥ ಹಳೆಯ ಬಡಾವಣೆಯಲ್ಲಿ ನಲ್ಲಿ ಮೊದಲು ಬುಸುಗುಟ್ಟುತ್ತದೆ, ಕೆಮ್ಮುತ್ತದೆ, ಆಮೇಲಷ್ಟೇ ಧಾರೆ ಕಟ್ಟುತ್ತದೆ. ಬಿಂದಿಗೆ ಹಿಡಿದು ನಿಂತವರಿಗೆ ಇದು ಕಾಯುವ ಹೊತ್ತು. ಗಣಿತಜ್ಞರಿಗೋ ಇದು ಶತಮಾನಕ್ಕೂ ಮೀರಿ ಕಾಡಿದ ಒಗಟು.

ಬೆಂಗಳೂರು ಕೊಳವೆ ನೀರಿನ ರುಚಿ ಕಂಡದ್ದು 1896ರಲ್ಲಿ, ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು; 1974ರಲ್ಲಿ ಕಾವೇರಿ. ಊರು ಬೆಳೆದಂತೆ ಕೊಳವೆಯೂ ಉದ್ದವಾಯಿತು. ಕೊನೆಯ ಮನೆಗೆ ನೀರು ಎಷ್ಟು, ಯಾವಾಗ ತಲುಪುತ್ತದೆಂಬ ಪ್ರಶ್ನೆಯೂ ದೊಡ್ಡದಾಯಿತು.

ಇದಕ್ಕೆ ಮೊದಲ ಉತ್ತರ ಸಿಕ್ಕಿದ್ದು ನೀರಿನ ಕೊಳವೆಯಿಂದಷ್ಟೇ ಅಲ್ಲ, ರಕ್ತನಾಳದ ಚಿಂತೆಯಿಂದಲೂ. ಜರ್ಮನಿಯ ಎಂಜಿನಿಯರ್ ಹಾಗೆನ್ 1839ರಲ್ಲಿ, ಪ್ಯಾರಿಸ್ಸಿನ ವೈದ್ಯ ಪ್ವಾಸೈ ಅದರ ಬೆನ್ನಲ್ಲೇ, ಸಣ್ಣ ಕೊಳವೆಗಳಲ್ಲಿ ಪ್ರಯೋಗ ಮಾಡಿ ಒಂದೇ ನಿಯಮಕ್ಕೆ ಬಂದರು. ಒತ್ತಡ ಅಷ್ಟೇ ಇದ್ದು ಕೊಳವೆಯ ಅಗಲ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ! ದ್ರವದ ಪದರಗಳು ಒಂದನ್ನೊಂದು ಜಗ್ಗುವ ಗುಣವೇ ಸ್ನಿಗ್ಧತೆ. ಜೇನಿನಲ್ಲಿ ಅದು ಹೆಚ್ಚು, ನೀರಿನಲ್ಲಿ ಕಡಿಮೆ.

ಆದರೆ ಈ ನಿಯಮ ಒಂದೇ ಸಮನೆ, ಸುಳಿಯಿಲ್ಲದೆ ಸಾಗುವ ಹರಿವಿಗೆ ಮಾತ್ರ. ಬೀದಿಯ ದೊಡ್ಡ ಕೊಳವೆಯಲ್ಲಿ ನೀರು ಸುಳಿಯೆದ್ದು ಹರಿಯುತ್ತದೆ. ಅಲ್ಲಿ ಬೇರೆ ಲೆಕ್ಕ ಬೇಕು. ಇನ್ನು ಹರಿವು ಗಳಿಗೆ ಗಳಿಗೆಗೂ ಬದಲಾದರೆ? ನಾವಿಯೆ, ಸ್ಟೋಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಕಾಲವನ್ನೂ ಒಳಗೊಂಡ ಸಮೀಕರಣ ಬರೆದಿದ್ದರು. ನಿಂತ ದ್ರವ ಕೊಳವೆಯಲ್ಲಿ ಹೇಗೆ ಚಲನೆಗೆ ಬರುತ್ತದೆಂಬುದನ್ನು ಶಿಮಾನ್‌ಸ್ಕಿ 1932ರಲ್ಲಿ ಬಿಡಿಸಿದರು. ಸುಳಿಯಿಲ್ಲದ ಹರಿವಿನಲ್ಲಿ, ಕೊಳವೆಯ ಅಗಲ ಎರಡು ಪಟ್ಟಾದರೆ ವೇಗ ನೆಲೆಗೊಳ್ಳಲು ನಾಲ್ಕು ಪಟ್ಟು ಕಾಲ ಹಿಡಿಯುತ್ತದೆ. ಹೃದಯದ ಬಡಿತಕ್ಕೆ ತಕ್ಕಂತೆ ಏರಿಳಿಯುವ ರಕ್ತದ ಲೆಕ್ಕವನ್ನು ವೊಮರ್ಸ್ಲಿ 1955ರಲ್ಲಿ ಕೊಟ್ಟರು.

ಹರಿವನ್ನು ತಟ್ಟನೆ ತಡೆದರೆ ಆಗುವುದು ಇನ್ನೂ ಅಪಾಯಕರ. ಕಳೆದ ಶತಮಾನಕ್ಕೂ ಮುಂಚೆ, 1897–98ರಲ್ಲಿ, ಮಾಸ್ಕೋದ ನೀರಿನ ಕೊಳವೆಗಳಲ್ಲಿ ಜುಕೊವ್‌ಸ್ಕಿ ಇದನ್ನು ಅಳೆದರು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಹಠಾತ್ತನೆ ನಿಂತರೆ, ಸುಮಾರು ನೂರು ಮೀಟರ್ ಎತ್ತರದ ನೀರಿನಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದ ಅಲೆ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಓಡುತ್ತದೆ. ಹಳೆಯ ಕೊಳವೆ ಬಿರಿಯಲು ಅಷ್ಟು ಸಾಕು. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಮೇಲೆತ್ತಬೇಕು. ಇಂಥ ಕಡೆ ವಿದ್ಯುತ್ ಕೈಕೊಟ್ಟು ಪಂಪು ನಿಂತರೂ ಇದೇ ಅಲೆಯ ಭಯ. ಆದ್ದರಿಂದಲೇ ಎಂಜಿನಿಯರುಗಳು ಕೊಳವೆ ಹೂಳುವ ಮೊದಲೇ ಲೆಕ್ಕ ಹಾಕುವುದು.

ಇಂಥ ದ್ರವಗಣಿತಕ್ಕೆ ನಮ್ಮ ಊರೂ ನೆಲೆಯಾಯಿತು. 1956ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪಿ. ಎಲ್. ಭಟ್ನಾಗರ್ ಅಲ್ಲಿ ಅನ್ವಯಿಕ ಗಣಿತವನ್ನು ಕಟ್ಟಿದರು. ಸೆಂಟ್ರಲ್ ಕಾಲೇಜಿನಲ್ಲಿ ಎನ್. ರುದ್ರಯ್ಯ ದ್ರವಬಲವಿಜ್ಞಾನದ ಕೇಂದ್ರ ಬೆಳೆಸಿದರು.

ಹಿಂದೆ ಕೆರೆಯ ತೂಬಿಗೆ ನೀರಗಂಟಿ ಇದ್ದ. ಇಂದು ಬೀದಿಯ ವಾಲ್ವಿಗೆ ವಾಲ್ವ್‌ಮನ್. ಅವನು ವಾಲ್ವನ್ನು ಸುತ್ತು ಸುತ್ತಾಗಿ, ನಿಧಾನವಾಗಿ ತಿರುಗಿಸುತ್ತಾನಲ್ಲ, ಅದು ಉದಾಸೀನವಲ್ಲ. ಅಲೆ ಹೋಗಿ ಮರಳುವಷ್ಟು ಕಾಲ ಕೊಟ್ಟರೆ ಕೊಳವೆ ಉಳಿಯುತ್ತದೆ. ಕೊಳವೆ ಉಳಿದರೆ ಕೊನೆಯ ಮನೆಯ ಬಿಂದಿಗೆಯೂ ತುಂಬುತ್ತದೆ.