ಕರ್ನಾಟಕದ ವಿಧಾನಮಂಡಲ: ಅಹವಾಲಿನ ಸಭೆಯಿಂದ ಎರಡು ಸದನಗಳವರೆಗೆ

ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿದ್ದು 1881ರ ಮಾರ್ಚಿನಲ್ಲಿ. ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ದಿವಾನ ರಂಗಾಚಾರ್ಲು ಅವರ ಸಲಹೆಯಂತೆ ಚಾಮರಾಜೇಂದ್ರ ಒಡೆಯರು ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಸೇರಿಸಿದರು. ಸದಸ್ಯರು 144 ಮಂದಿ: ತಾಲ್ಲೂಕಿಗೆ ಒಬ್ಬಿಬ್ಬರಂತೆ ಹಿಡುವಳಿದಾರರು, ಜಿಲ್ಲೆಗೆ ಕೆಲವರಂತೆ ವರ್ತಕರು. ಹಬ್ಬಕ್ಕೆ ಹೇಗೂ ರಾಜಧಾನಿಗೆ ಬರುವ ಗಣ್ಯರು ಸಭೆಗೂ ಸಿಗುತ್ತಾರೆ ಎಂಬ ಅನುಕೂಲವೂ ಆ ದಿನದ ಆಯ್ಕೆಯಲ್ಲಿತ್ತು. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಸದಸ್ಯರು ಕೆರೆ, ರಸ್ತೆ, ಕಂದಾಯ, ಬರಗಾಲದ ಅಹವಾಲುಗಳನ್ನು ಮಂಡಿಸುತ್ತಿದ್ದರು. ಕಾನೂನು ಮಾಡುವ ಅಧಿಕಾರವಾಗಲಿ, ಖರ್ಚನ್ನು ತಡೆಯುವ ಅಧಿಕಾರವಾಗಲಿ ಆ ಸಭೆಗೆ ಇರಲಿಲ್ಲ. ದೊರೆಯ ಎದುರು ನಿಂತು ಕೇಳುವುದಷ್ಟೇ ಅದರ ಹಕ್ಕು. ಇಂದಿನ ಕರ್ನಾಟಕ ವಿಧಾನಮಂಡಲದ ವಂಶಾವಳಿ ಶುರುವಾಗುವುದು ಅಲ್ಲಿಂದ.

ಮೊದಲ ಹತ್ತು ವರ್ಷ ಸದಸ್ಯರನ್ನು ಆರಿಸುತ್ತಿದ್ದದ್ದು ಸರ್ಕಾರವೇ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಚುನಾವಣೆಯ ಪದ್ಧತಿ ಬಂತು. ಮತದಾರರಾಗಲು ಆಸ್ತಿ, ಕಂದಾಯ, ವಿದ್ಯಾರ್ಹತೆಗಳ ಜರಡಿಯನ್ನು ದಾಟಬೇಕಾಗಿದ್ದರಿಂದ ಮತದಾರರ ಸಂಖ್ಯೆ ಬಹಳ ಚಿಕ್ಕದಾಗಿತ್ತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಕಾನೂನಿನ ಕರಡುಗಳನ್ನು ಪರಿಶೀಲಿಸಲು ಅಧಿಕಾರಿಗಳು ಮತ್ತು ಅನುಭವಸ್ಥರ ಚಿಕ್ಕ ಗುಂಪೊಂದು ಬೇಕು ಎಂಬುದು ಅದರ ಉದ್ದೇಶ. ಹೀಗೆ ಸಂವಿಧಾನ ಬರುವುದಕ್ಕೆ ನಾಲ್ಕು ದಶಕಗಳ ಹಿಂದೆಯೇ ಮೈಸೂರಿಗೆ ಎರಡು ಸಭೆಗಳ ಅಭ್ಯಾಸವಾಗಿತ್ತು: ದೊಡ್ಡದು ಜನರ ಮಾತಿಗೆ, ಚಿಕ್ಕದು ಕಾನೂನಿನ ಕೆಲಸಕ್ಕೆ. ಇಂದಿನ ಏರ್ಪಾಡು ಇದಕ್ಕೆ ತಲೆಕೆಳಗು. ಈಗ ಅಧಿಕಾರವಿರುವುದು ದೊಡ್ಡ ಸದನದಲ್ಲಿ.

1923ರ ಶಾಸನಗಳು ಎರಡೂ ಸಭೆಗಳಿಗೆ ಕಾನೂನಿನ ಬುನಾದಿ ಕೊಟ್ಟವು. ಹೊಸ ತೆರಿಗೆ ಹಾಕುವ ಮುನ್ನ, ಮಸೂದೆ ಮಂಡಿಸುವ ಮುನ್ನ ಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕಾಯಿತು. 50 ಸದಸ್ಯರ ನ್ಯಾಯವಿಧಾಯಕ ಸಭೆಗೆ ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಸಿಕ್ಕಿತು. ಹೆಂಗಸರೆಂಬ ಕಾರಣಕ್ಕೆ ಪ್ರತಿನಿಧಿ ಸಭೆಯ ಮತ ತಪ್ಪಿಸುವ ನಿಯಮವೂ ಆಗಲೇ ಹೋಯಿತು. 1940ರ ಕಾಯ್ದೆ ಪ್ರತಿನಿಧಿ ಸಭೆಯನ್ನು 310 ಸ್ಥಾನಗಳಿಗೆ, ನ್ಯಾಯವಿಧಾಯಕ ಸಭೆಯನ್ನು 68ಕ್ಕೆ ಏರಿಸಿತು. ಆದರೂ ದಿವಾನರು ಉತ್ತರ ಹೇಳಬೇಕಾಗಿದ್ದದ್ದು ಮಹಾರಾಜರಿಗೆ, ಸಭೆಗಲ್ಲ. ಆ ಗಂಟು ಬಿಚ್ಚಿದ್ದು ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಚಳವಳಿ. ಆ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. 1949ರ ಕೊನೆಗೆ ಎರಡೂ ಹಳೆಯ ಸಭೆಗಳು ಮುಗಿದವು. ಸಂಸ್ಥಾನದ ಸಂವಿಧಾನ ಸಭೆಯೇ 1952ರವರೆಗೆ ತಾತ್ಕಾಲಿಕ ಶಾಸನಸಭೆಯಾಗಿ ಕೆಲಸ ಮಾಡಿತು.

ವಯಸ್ಕ ಮತದಾನದಿಂದ ಆಯ್ಕೆಯಾದ ಮೊದಲ ಮೈಸೂರು ವಿಧಾನಸಭೆ 1952ರ ಜೂನ್ 18ರಂದು ಬೆಂಗಳೂರಿನ ಅಠಾರ ಕಚೇರಿಯಲ್ಲಿ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡದಲ್ಲಿ ಸೇರಿತು. ಚುನಾಯಿತರು 99 ಮಂದಿ, ನಾಮಕರಣಗೊಂಡವರು ಒಬ್ಬರು. ಸಭಾಧ್ಯಕ್ಷ ಸ್ಥಾನಕ್ಕೇ ಪೈಪೋಟಿ ನಡೆದು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ವಿರುದ್ಧ ಎಚ್. ಸಿದ್ದಯ್ಯ ಗೆದ್ದರು. ಸೋಲು ಖಚಿತವೆಂದು ಗೊತ್ತಿದ್ದೂ ಸ್ಪರ್ಧಿಸುವ ವಿರೋಧ ಪಕ್ಷ ಮೊದಲ ದಿನವೇ ಸದನದಲ್ಲಿ ಕಾಣಿಸಿಕೊಂಡಿತು. ಪ್ರಜಾಪ್ರತಿನಿಧಿ ಸಭೆಗೂ ಈ ಸಭೆಗೂ ನಡುವಿನ ಅಂತರವನ್ನು ಈ ಒಂದು ಚುನಾವಣೆಯಲ್ಲೇ ಅಳೆಯಬಹುದು.

1953ರಲ್ಲಿ ಬಳ್ಳಾರಿ ಜಿಲ್ಲೆಯ ಭಾಗಗಳು ಸೇರಿದಾಗ ಸದನ ಸ್ವಲ್ಪ ಹಿಗ್ಗಿತು. ನಿಜವಾದ ಬದಲಾವಣೆ ಬಂದದ್ದು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ. ಮುಂಬಯಿ, ಹೈದರಾಬಾದು, ಮದರಾಸು ಸಭೆಗಳಲ್ಲಿ ಕೂತು ಬಂದಿದ್ದ ಕನ್ನಡ ನಾಡಿನ ಶಾಸಕರು, 24 ಸದಸ್ಯರ ಸ್ವಂತ ವಿಧಾನಸಭೆಯನ್ನೇ ಹೊಂದಿದ್ದ ಕೊಡಗಿನವರು, ಹಳೆಯ ಮೈಸೂರಿನವರು ಒಂದೇ ಸೂರಿನಡಿ ಬಂದರು. ಸೂರು ಕೂಡ ಹೊಸದು. ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದಲ್ಲಿ ವಿಶಾಲ ರಾಜ್ಯದ ವಿಧಾನಸಭೆ ಡಿಸೆಂಬರ್ 19ರಂದು ಮೊದಲ ಬಾರಿ ಸೇರಿತು. ಆಗ ಸಭಾಧ್ಯಕ್ಷರಾದ ಎಸ್.ಆರ್. ಕಂಠಿ 1962ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆದರು.

ಸಂವಿಧಾನದ 168ನೇ ವಿಧಿಯ ಪ್ರಕಾರ ಕರ್ನಾಟಕದ ವಿಧಾನಮಂಡಲಕ್ಕೆ ಮೂರು ಅಂಗಗಳು: ರಾಜ್ಯಪಾಲರು, ವಿಧಾನಸಭೆ, ವಿಧಾನ ಪರಿಷತ್ತು. ವಿಧಾನಸಭೆಯ ಸ್ಥಾನಗಳು 1957ರ ಚುನಾವಣೆಯಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆದವು. ಆರಂಭದಲ್ಲಿ ಕ್ಷೇತ್ರಗಳಿಗಿಂತ ಸ್ಥಾನಗಳೇ ಹೆಚ್ಚಿದ್ದವು. ಮೀಸಲು ಸ್ಥಾನವನ್ನು ಸಾಮಾನ್ಯ ಸ್ಥಾನದ ಜೊತೆ ಜೋಡಿಸಿದ ದ್ವಿಸದಸ್ಯ ಕ್ಷೇತ್ರಗಳು 1961ರ ಕಾಯ್ದೆಯಿಂದ ರದ್ದಾಗುವವರೆಗೆ ನಡೆದವು. ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 2020ರ ಜನವರಿಯವರೆಗೆ ಇತ್ತು. ಈಗ 224 ಮಂದಿಯೂ ಚುನಾಯಿತರೇ. 2008ರ ಕ್ಷೇತ್ರ ಮರುವಿಂಗಡಣೆ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳನ್ನು 33ರಿಂದ 36ಕ್ಕೆ ಏರಿಸಿತು. ಪರಿಶಿಷ್ಟ ಪಂಗಡಕ್ಕೆ ಅದುವರೆಗೆ ಇದ್ದದ್ದು ಎರಡೇ ಸ್ಥಾನ. ಅದು 15ಕ್ಕೆ ಜಿಗಿಯಿತು. ರಾಜ್ಯ ರಾಜಕಾರಣದ ಲೆಕ್ಕಾಚಾರವನ್ನು ಇಷ್ಟು ಬದಲಿಸಿದ ಅಂಕಿ ಬೇರೊಂದಿಲ್ಲವೆನ್ನಬಹುದು. ಅದೇ ಮರುವಿಂಗಡಣೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಪಾಲು 28ಕ್ಕೆ ಏರಿತು.

ಗಡಿಗಳು ಬದಲಾದರೂ ಒಟ್ಟು ಸಂಖ್ಯೆ ಮಾತ್ರ ಕದಲಿಲ್ಲ. 42ನೇ ತಿದ್ದುಪಡಿ 1976ರಲ್ಲಿ, 84ನೇ ತಿದ್ದುಪಡಿ ಅದನ್ನು ಮುಂದುವರಿಸಿ, 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಾನಗಳ ಸಂಖ್ಯೆಯನ್ನು ಸ್ಥಿರಗೊಳಿಸಿವೆ. 1971ರಲ್ಲಿ 2.93 ಕೋಟಿ ಇದ್ದ ರಾಜ್ಯದ ಜನಸಂಖ್ಯೆ 2011ಕ್ಕೆ 6.11 ಕೋಟಿ ಮುಟ್ಟಿತು. ಈಗಿನ 224 ಸ್ಥಾನಗಳ ಲೆಕ್ಕದಲ್ಲಿ 1971ರಲ್ಲಿ ಒಬ್ಬ ಶಾಸಕರ ಪಾಲಿಗೆ ಬರುತ್ತಿದ್ದವರು ಸರಾಸರಿ 1.3 ಲಕ್ಷ ಜನ. 2011ಕ್ಕೆ ಈ ಲೆಕ್ಕ 2.7 ಲಕ್ಷ ದಾಟಿತು. ಶಾಸಕರ ಮನೆಯ ಮುಂದಿನ ಬೆಳಗಿನ ಸಾಲು ಉದ್ದವಾಗಲು ಇದೂ ಒಂದು ಕಾರಣ. ಇನ್ನು ಮಹಿಳೆಯರ ವಿಷಯ: ಸಭಾಧ್ಯಕ್ಷ ಪೀಠಕ್ಕೆ 1972ರಲ್ಲೇ ಕೆ.ಎಸ್. ನಾಗರತ್ನಮ್ಮ ಏರಿದ್ದರು, ಆದರೆ 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 10 ಮಂದಿ ಮಾತ್ರ.

ವಿಧಾನಸಭೆ ತಲೆ ಎಣಿಸಿ ಕಟ್ಟಿದ ಸದನವಾದರೆ ವಿಧಾನ ಪರಿಷತ್ತು ಸಮಾಜದ ಬಗೆಬಗೆಯ ವಲಯಗಳನ್ನು ಆರಿಸಿ ಕಟ್ಟಿದ್ದು. ಹಳೆಯ ಮೈಸೂರಿನ ಸಭೆಗಳ ನೆನಪು ಉಳಿದಿರುವುದೂ ಇಲ್ಲಿಯೇ. ಇದರ 75 ಸ್ಥಾನಗಳಲ್ಲಿ 25ನ್ನು ವಿಧಾನಸಭೆಯ ಸದಸ್ಯರು ತುಂಬುತ್ತಾರೆ. ಇನ್ನು 25ನ್ನು ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಸದಸ್ಯರು 20 ಕ್ಷೇತ್ರಗಳಿಂದ ಆರಿಸುತ್ತಾರೆ; ಅಂದರೆ ಕೆಲವು ಕ್ಷೇತ್ರಗಳಿಂದ ಇಬ್ಬಿಬ್ಬರು. ಪದವೀಧರರಿಗೆ 7, ಪ್ರೌಢಶಾಲೆ ಮತ್ತು ಮೇಲ್ಪಟ್ಟ ಹಂತದ ಶಿಕ್ಷಕರಿಗೆ 7. ಉಳಿದ 11 ಮಂದಿಯನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಿಂದ ರಾಜ್ಯಪಾಲರು ನಾಮಕರಣ ಮಾಡಬೇಕು. ಮತದಾನ ಪ್ರಾಶಸ್ತ್ಯದ ಕ್ರಮದಲ್ಲಿ ನಡೆಯುತ್ತದೆ: ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. ವಿಧಾನಸಭೆಗೆ 25 ವರ್ಷ ಸಾಕು, ಇಲ್ಲಿಗೆ 30 ಆಗಿರಬೇಕು. ಪರಿಷತ್ತು ವಿಸರ್ಜನೆಯಾಗುವುದಿಲ್ಲ, ಆರು ವರ್ಷದ ಅವಧಿಯ ಸದಸ್ಯರಲ್ಲಿ ಮೂರನೇ ಒಂದು ಭಾಗ ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ.

ಪರಿಷತ್ತಿನ ಬಲ ವಿಧಾನಸಭೆಯ ಮೂರನೇ ಒಂದು ಭಾಗವನ್ನು ಮೀರಬಾರದು, 40ಕ್ಕಿಂತ ಕಡಿಮೆಯೂ ಇರಬಾರದು. ಪುನರ್ವಿಂಗಡಣೆಯ ನಂತರ 63 ಇದ್ದದ್ದು 1987ರಲ್ಲಿ 75 ಆದಾಗ ವಿಧಾನಸಭೆಯ ಬಲ ನಾಮಕರಣ ಸದಸ್ಯರೂ ಸೇರಿ 225, ಲೆಕ್ಕ ಕರಾರುವಾಕ್ಕಾಗಿತ್ತು. ಆ ಒಂದು ಸ್ಥಾನ ಹೋದ ಮೇಲೆ ಅದು ಕೂದಲೆಳೆಯಷ್ಟು ತಪ್ಪಿದೆ.

ಪರಿಷತ್ತನ್ನು ಚಿಂತಕರ ಚಾವಡಿ ಎಂದು ಕರೆಯುವ ರೂಢಿಯಿದೆ. ಕವಿ ಸಿದ್ಧಲಿಂಗಯ್ಯ, ನಾಟಕಕಾರ ಚಂದ್ರಶೇಖರ ಕಂಬಾರ ಅಲ್ಲಿ ಕೂತಿದ್ದಾಗ ಆ ಹೆಸರಿಗೆ ಅರ್ಥವಿತ್ತು. ಶಿಕ್ಷಕರ ಕ್ಷೇತ್ರದಿಂದ 1980ರಿಂದ ಎಂಟು ಬಾರಿ ಗೆದ್ದು ಸಭಾಪತಿಯೂ ಆದ ಬಸವರಾಜ ಹೊರಟ್ಟಿ ಆ ಕ್ಷೇತ್ರಗಳ ಸಾಧ್ಯತೆಗೆ ಇನ್ನೊಂದು ಉದಾಹರಣೆ. ಆದರೆ ನಾಮಕರಣದ ಪಟ್ಟಿಯಲ್ಲಿ ಟಿಕೆಟ್ ತಪ್ಪಿದವರ, ಚುನಾವಣೆಯಲ್ಲಿ ಸೋತವರ ಹೆಸರುಗಳು ಸಾಹಿತಿಗಳ ಹೆಸರನ್ನು ಹಿಂದಕ್ಕೆ ತಳ್ಳಿರುವುದು ಮುಚ್ಚಿಟ್ಟ ಸಂಗತಿಯೇನಲ್ಲ. ದೇಶದಲ್ಲಿ ಮೇಲ್ಮನೆ ಉಳಿದಿರುವುದು ಆರು ರಾಜ್ಯಗಳಲ್ಲಿ. ತಮಿಳುನಾಡು 1986ರಲ್ಲಿ ಅದನ್ನು ಕೈಬಿಟ್ಟಿತು; ಆಂಧ್ರ 1985ರಲ್ಲಿ ರದ್ದುಮಾಡಿ 2007ರಲ್ಲಿ ಮತ್ತೆ ತಂದಿತು.

ಅಧಿಕಾರದ ತಕ್ಕಡಿ ವಿಧಾನಸಭೆಯ ಕಡೆಗೇ ವಾಲಿದೆ. ಮಂತ್ರಿಮಂಡಲ ಉತ್ತರದಾಯಿಯಾಗಿರುವುದು ಅದಕ್ಕೆ ಮಾತ್ರ. ಹಣಕಾಸು ಮಸೂದೆಯನ್ನು ಪರಿಷತ್ತು 14 ದಿನ ಇಟ್ಟುಕೊಳ್ಳಬಹುದು. ಬೇರೆ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು, ಅಷ್ಟೇ. ಸಂಸತ್ತಿನಲ್ಲಿರುವಂತೆ ಭಿನ್ನಾಭಿಪ್ರಾಯ ಬಗೆಹರಿಸಲು ಜಂಟಿ ಅಧಿವೇಶನ ಕರೆಯುವ ಅವಕಾಶ ರಾಜ್ಯದಲ್ಲಿಲ್ಲ. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು, ಏಕೆಂದರೆ ಆಡಳಿತ ಪಕ್ಷಕ್ಕೆ ಅಲ್ಲಿ ಬಹುಮತವಿರಲಿಲ್ಲ. ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿತು. ವಾರ ಕಳೆಯುವುದರೊಳಗೆ ಪರಿಷತ್ತೂ ಒಪ್ಪಿತು. ಮೇಲ್ಮನೆ ಕಾಯಿಸಬಲ್ಲದು, ಕೆಡವಲಾರದು.

ವಿಧಾನಸಭೆಯಲ್ಲಿ ಸಭಾಧ್ಯಕ್ಷರು ಮತ್ತು ಉಪಸಭಾಧ್ಯಕ್ಷರು, ಪರಿಷತ್ತಿನಲ್ಲಿ ಸಭಾಪತಿ ಮತ್ತು ಉಪಸಭಾಪತಿ ಕಲಾಪ ನಡೆಸುತ್ತಾರೆ. ಎರಡೂ ಕಡೆ ಸಭಾನಾಯಕರು, ವಿರೋಧ ಪಕ್ಷದ ನಾಯಕರು, ಮುಖ್ಯ ಸಚೇತಕರು ಇರುತ್ತಾರೆ. ಪೀಠದಲ್ಲಿ ಕೂತವರು ಮತ ಹಾಕುವುದು ಎರಡೂ ಕಡೆ ಸಮವಾದಾಗ ಮಾತ್ರ. ಸದಸ್ಯರನ್ನು ಅಮಾನತು ಮಾಡುವ ಪ್ರಕರಣಗಳೂ ಆಗಾಗ ನಡೆಯುತ್ತವೆ. 2025ರ ಮಾರ್ಚಿನಲ್ಲಿ ಒಂದೇ ಬಾರಿಗೆ 18 ಶಾಸಕರು ಅಮಾನತುಗೊಂಡರು. ಮಂತ್ರಿಗಳ ಸಂಖ್ಯೆಗೆ 2003ರ 91ನೇ ತಿದ್ದುಪಡಿ ವಿಧಾನಸಭೆಯ ಬಲದ ಶೇ. 15ರ ಮಿತಿ ಹಾಕಿದೆ. ಕರ್ನಾಟಕದಲ್ಲಿ ಅದು ಮುಖ್ಯಮಂತ್ರಿ ಸೇರಿ 34.

ಸಭಾಧ್ಯಕ್ಷರ ಕೈಗೆ ನಿಜವಾದ ಕತ್ತಿ ಕೊಟ್ಟದ್ದು 1985ರ ಪಕ್ಷಾಂತರ ನಿಷೇಧ. ಈ ಕತ್ತಿಯ ಅಲಗು ಎಷ್ಟು ದೂರ ಹೋಗಬಹುದೆಂಬುದರ ಪರೀಕ್ಷೆ ಹಲವು ಸಲ ನಡೆದದ್ದು ಕರ್ನಾಟಕದ ಸದನದಲ್ಲೇ. 2010ರಲ್ಲಿ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ ಆಡಳಿತ ಪಕ್ಷದ 11 ಮತ್ತು ಪಕ್ಷೇತರ ಐವರನ್ನು ಅನರ್ಹಗೊಳಿಸಿದರು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. 2019ರಲ್ಲಿ ಸಭಾಧ್ಯಕ್ಷ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದಾಗ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದರೂ, ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಇದಕ್ಕೂ ಮುಂಚೆ, 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರ್ಕಾರದ ಮೊಕದ್ದಮೆಯಲ್ಲಿ 1994ರಲ್ಲಿ ಬಂದ ತೀರ್ಪು, ಬಹುಮತದ ಪ್ರಶ್ನೆ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಇಡೀ ದೇಶಕ್ಕೆ ನಿಯಮ ಮಾಡಿತು.

ಟಿವಿಯಲ್ಲಿ ಕಾಣುವುದು ಸದನದ ಬಾವಿಗಿಳಿದ ಧರಣಿ. ಕಾಣದಿರುವುದು ಸಮಿತಿಗಳ ಕೆಲಸ. ಮಹಾಲೇಖಪಾಲರ ವರದಿಯನ್ನು ಕೆದಕುವ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಲ್ಲಿ ಎರಡೂ ಸದನಗಳವರಿರುತ್ತಾರೆ. ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಹೋಗುವುದು ಸಂಪ್ರದಾಯ. ಅಂದಾಜುಗಳ ಸಮಿತಿ, ಸಾರ್ವಜನಿಕ ಉದ್ಯಮಗಳ ಸಮಿತಿ, ಅಧೀನ ಶಾಸನ ರಚನಾ ಸಮಿತಿ, ಹಕ್ಕುಬಾಧ್ಯತಾ ಸಮಿತಿಗಳಿಗೆ ತಮ್ಮದೇ ಕೆಲಸಗಳಿವೆ. ಇವುಗಳಲ್ಲಿ ಗಮನ ಸೆಳೆಯಬೇಕಾದದ್ದು ಸರ್ಕಾರಿ ಭರವಸೆಗಳ ಸಮಿತಿ: ಸದನದಲ್ಲಿ ಮಂತ್ರಿಗಳು "ಪರಿಶೀಲಿಸುತ್ತೇವೆ", "ಮಾಡಿಸುತ್ತೇವೆ" ಎಂದ ಮಾತುಗಳನ್ನು ಬರೆದಿಟ್ಟುಕೊಂಡು ಏನಾಯಿತೆಂದು ಕೇಳುವುದೇ ಅದರ ಕೆಲಸ. ನಿರ್ದಿಷ್ಟ ವಿಷಯಕ್ಕೆಂದು ಸದನ ಸಮಿತಿಗಳನ್ನೂ ರಚಿಸಲಾಗುತ್ತದೆ; ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು ಬಯಲಿಗೆಳೆದದ್ದು ಇಂಥದೇ ಅಧಿಕಾರದಿಂದ.

ಅಧಿವೇಶನ ವರ್ಷದ ಆರಂಭದಲ್ಲಿ ಎರಡೂ ಸದನಗಳನ್ನು ಉದ್ದೇಶಿಸಿದ ರಾಜ್ಯಪಾಲರ ಭಾಷಣದಿಂದ ತೊಡಗುತ್ತದೆ. ದಿನದ ಕಲಾಪದಲ್ಲಿ ಪ್ರಶ್ನೋತ್ತರ, ಶೂನ್ಯವೇಳೆ, ಗಮನ ಸೆಳೆಯುವ ಸೂಚನೆಗಳು, ಮಸೂದೆಗಳು ಬರುತ್ತವೆ. ವಿಧಾನಸಭೆಯ ಕೋರಂಗೆ ಹತ್ತನೇ ಒಂದು ಭಾಗದಷ್ಟು ಸದಸ್ಯರು ಬೇಕು. ಅಂದರೆ 23 ಮಂದಿ. ಗಂಟೆ ಬಾರಿಸಿ ಕಾಯುವ ದಿನಗಳೂ ಇವೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟಬಾರದೆಂದು ಸಂವಿಧಾನ ಹೇಳಿದರೆ, ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿಕೊಂಡಿತು. ತಾನೇ ಹಾಕಿಕೊಂಡ ಈ ಗೆರೆಯನ್ನು ಸದನ ಮುಟ್ಟಿದ್ದು ಅಪರೂಪ.

2006ರಲ್ಲಿ ಅಧಿವೇಶನ ಮೊದಲ ಬಾರಿ ಬೆಳಗಾವಿಗೆ ಹೋಯಿತು. ಮಹಾರಾಷ್ಟ್ರದೊಂದಿಗಿನ ಗಡಿಯ ಪ್ರಶ್ನೆಗೆ ಕೊಟ್ಟ ಉತ್ತರವೂ ಅದಾಗಿತ್ತು, ಉತ್ತರ ಕರ್ನಾಟಕದ ಬಹುಕಾಲದ ದೂರಿಗೆ ಕಿವಿಗೊಡುವ ಯತ್ನವೂ ಆಗಿತ್ತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧದಲ್ಲಿ ಈಗ ಸಾಮಾನ್ಯವಾಗಿ ಚಳಿಗಾಲದ ಅಧಿವೇಶನ ನಡೆಯುತ್ತದೆ. ಆ ದಿನಗಳಲ್ಲಿ ಕಡತ, ಅಧಿಕಾರಿ, ಮಂತ್ರಿ ಎಲ್ಲವೂ ಬೆಂಗಳೂರಿನಿಂದ ಅಲ್ಲಿಗೆ ಸಾಗುತ್ತವೆ. ಕಟ್ಟಡದ ಹೊರಗೆ ಶಾಮಿಯಾನಗಳು ಏಳುತ್ತವೆ; ಕಬ್ಬಿನ ಬೆಲೆ, ನೀರಾವರಿ, ಮೀಸಲಾತಿಯ ಬೇಡಿಕೆಗಳನ್ನು ಹೊತ್ತ ಜನ ಅಹವಾಲು ಹಿಡಿದು ಅಲ್ಲಿ ಕೂರುತ್ತಾರೆ.