ಬೇಸ್ ಗಿಟಾರ್‌ನ ಕತ್ತಿನ ಜೋಡಣೆ

ಬೇಸ್ ಗಿಟಾರ್‌ನ ಉದ್ದನೆಯ ಕತ್ತನ್ನು, ಅಂದರೆ ನೆಕ್ ಎಂದು ಕರೆಯಲ್ಪಡುವ ಭಾಗವನ್ನು, ವಾದ್ಯದ ಒಡಲಿಗೆ ಸೇರಿಸುವ ವಿಧಾನವೇ ಕತ್ತಿನ ಜೋಡಣೆ. ಸ್ಕ್ರೂ ಜೋಡಣೆ, ಅಂಟು ಜೋಡಣೆ ಮತ್ತು ಒಡಲಿನ ಉದ್ದಕ್ಕೂ ಸಾಗುವ ಅಖಂಡ ಕತ್ತು ಎಂಬ ಮೂರು ವಿಧಾನಗಳು ಬಳಕೆಯಲ್ಲಿವೆ. ಸಾಮಾನ್ಯ ನಾಲ್ಕು ತಂತಿಯ ಬೇಸ್‌ನಲ್ಲಿ ಮಿಡಿಯುವ ತಂತಿಯ ಉದ್ದ 34 ಅಂಗುಲ. ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋಗ್ರಾಂ ತೂಕಕ್ಕೆ ಸಮ. ಈ ಸೆಳೆತವನ್ನು ವರ್ಷಗಟ್ಟಲೆ ತಾಳಿಕೊಳ್ಳಬೇಕಾದುದರಿಂದ, ವಾದ್ಯವನ್ನು ಸ್ವತಃ ತಯಾರಿಸುವವರು ಮರ ಕತ್ತರಿಸುವ ಮೊದಲೇ ಜೋಡಣೆಯನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಸ್ಕ್ರೂ ಜೋಡಣೆ

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನಿಂದ ಈ ವಿಧಾನ ಪ್ರಸಿದ್ಧವಾಯಿತು. ಒಡಲಿನಲ್ಲಿ ಕೊರೆದ ಕುಳಿಯೊಳಗೆ ಕತ್ತಿನ ಬುಡವನ್ನು ಕೂರಿಸಿ, ಹಿಂಬದಿಯ ಲೋಹದ ತಗಡಿನ ಮೂಲಕ ನಾಲ್ಕು ಸ್ಕ್ರೂಗಳನ್ನು ಬಿಗಿಯಲಾಗುತ್ತದೆ. ಕತ್ತನ್ನೂ ಒಡಲನ್ನೂ ಬೇರೆ ಬೇರೆಯಾಗಿ ತಯಾರಿಸಬಹುದಾದ ಕಾರಣ ಕಾರ್ಖಾನೆಗೆ ಇದು ಅನುಕೂಲವಾಯಿತು. ಹೊಸಬರಿಗೂ ಇದೇ ಕ್ಷೇಮಕರ. ತಂತಿಗಳು ಬೆರಳುಹಲಗೆಯಿಂದ ಅತಿ ಎತ್ತರದಲ್ಲಿ ನಿಂತರೆ, ಕತ್ತನ್ನು ಬಿಚ್ಚಿ ಕುಳಿಯಲ್ಲಿ ತೆಳುವಾದ ಮರದ ಪಟ್ಟಿಯನ್ನಿಟ್ಟು ಕೋನವನ್ನು ಸರಿಪಡಿಸಬಹುದು. ಕತ್ತು ತಿರುಚಿಕೊಂಡರೆ ಬೇರೊಂದನ್ನು ಹಾಕಬಹುದು.

ಆದರೆ ಕುಳಿ ಸಡಿಲವಾಗಿದ್ದರೆ ಕತ್ತು ಪಕ್ಕಕ್ಕೆ ಜಾರಿ, ಅಂಚಿನ ತಂತಿ ಬೆರಳುಹಲಗೆಯ ಹೊರಗೆ ಬೀಳುತ್ತದೆ. ಒಡಲಿನ ರಂಧ್ರಗಳಲ್ಲಿ ಸ್ಕ್ರೂ ಸರಾಗವಾಗಿ ಹಾದುಹೋಗಬೇಕು, ಅದರ ಮರೆ ಕತ್ತಿನ ಮರವನ್ನು ಮಾತ್ರ ಕಚ್ಚಬೇಕು. ಎರಡನ್ನೂ ಕಚ್ಚಿದರೆ ನಡುವೆ ಸಂದು ಉಳಿದು, ಎಷ್ಟು ಬಿಗಿದರೂ ಕತ್ತು ಕುಳಿಗೆ ಒತ್ತಿಕೊಳ್ಳುವುದಿಲ್ಲ. ಇದು ಸಣ್ಣ ಸಂಗತಿಯಾದರೂ ಆಗಾಗ ಮರೆತುಹೋಗುವಂಥದು.

ಅಂಟು ಜೋಡಣೆ

ಗಿಬ್ಸನ್ ಸಂಸ್ಥೆಯು 1953ರ ತನ್ನ ಮೊದಲ ವಿದ್ಯುತ್ ಬೇಸ್‌ನಲ್ಲಿ ಅನುಸರಿಸಿದ್ದು ಈ ಕ್ರಮ. ಕತ್ತಿನ ತುದಿಯನ್ನು ನಾಲಿಗೆಯಂತೆ ಕೆತ್ತಿ, ಒಡಲಿನ ಕುಳಿಗೆ ಅಂಟಿನಿಂದ ಕೂಡಿಸಲಾಗುತ್ತದೆ. ಬುಡವನ್ನು ನಯವಾಗಿ ಕೆತ್ತಬಹುದಾದ್ದರಿಂದ ಮೇಲಿನ ಫ್ರೆಟ್‌ಗಳಿಗೆ ಕೈ ಸುಲಭವಾಗಿ ಎಟುಕುತ್ತದೆ. ಅಂಟು ಒಣಗಿದ ಮೇಲೆ ಕೋನವನ್ನು ಬದಲಿಸುವುದು ಬಹು ಕಷ್ಟ. ಆದ್ದರಿಂದ ಅಂಟು ಹಚ್ಚುವ ಮುನ್ನ ಕತ್ತನ್ನು ಒಣದಾಗಿ ಕೂರಿಸಿ, ನೇರ ಪಟ್ಟಿಯೊಂದನ್ನು ಫ್ರೆಟ್‌ಗಳ ಮೇಲಿಟ್ಟು, ಅದು ಬ್ರಿಡ್ಜ್‌ನ ಬಳಿ ಯಾವ ಎತ್ತರಕ್ಕೆ ಬರುತ್ತದೆಂದು ಅಳೆಯುವುದು ಅನಿವಾರ್ಯ.

ಅಖಂಡ ಕತ್ತು

ಇಲ್ಲಿ ಕತ್ತಿನ ಮರವೇ ಒಡಲಿನ ನಡುವೆ ಕೊನೆಯವರೆಗೂ ಸಾಗುತ್ತದೆ. ಎರಡು ಬದಿಗಳಿಗೆ ರೆಕ್ಕೆಗಳಂತೆ ಮರದ ತುಂಡುಗಳನ್ನು ಅಂಟಿಸಲಾಗುತ್ತದೆ. 1957ರ ರಿಕನ್‌ಬ್ಯಾಕರ್ 4000 ಮತ್ತು 1963ರ ಗಿಬ್ಸನ್ ಥಂಡರ್‌ಬರ್ಡ್ ಇದಕ್ಕೆ ನಿದರ್ಶನಗಳು. ಏಕಾಂಡ ವೀಣೆಯನ್ನು ಬಲ್ಲವರಿಗೆ ಇದು ಪರಿಚಿತವೆನಿಸಬಹುದು; ಆದರೆ ಏಕಾಂಡದಲ್ಲಿ ಕೊಡವೂ ದಂಡಿಯೂ ಒಂದೇ ದಿಮ್ಮಿಯಿಂದ ಮೂಡುತ್ತವೆ, ಇಲ್ಲಿ ಹಾಗಲ್ಲ. ಉದ್ದವಾದ, ದೋಷರಹಿತ ಮರ ಬೇಕಾಗುವುದರಿಂದ ವೆಚ್ಚ ಹೆಚ್ಚು. ಕತ್ತು ಕೆಟ್ಟರೆ ವಾದ್ಯವೇ ಕೆಟ್ಟಂತೆ.

ನಾದ ಮತ್ತು ಆಯ್ಕೆ

ಅಖಂಡ ಕತ್ತಿನಲ್ಲಿ ನಾದ ದೀರ್ಘಕಾಲ ನಿಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕತ್ತಿನ ಬಿಗುವು, ಮರದ ಸಾಂದ್ರತೆ, ಬ್ರಿಡ್ಜ್ ಹಾಗೂ ತಂತಿಗಳ ಸ್ಥಿತಿಯೂ ನಾದದ ಮೇಲೆ ಪ್ರಭಾವ ಬೀರುವುದರಿಂದ ಜೋಡಣೆಯೊಂದಕ್ಕೇ ಆ ಶ್ರೇಯಸ್ಸು ಸಲ್ಲದು. ಕತ್ತಿನ ಕಂಪನವು ತಂತಿಯ ಶಕ್ತಿಯನ್ನು ಹೀರಿಕೊಂಡು ಕೆಲವು ಸ್ವರಗಳು ಬೇಗನೆ ಅಡಗುವ ದೋಷ ಮೂರೂ ಬಗೆಯ ವಾದ್ಯಗಳಲ್ಲಿ ಕಂಡುಬರುತ್ತದೆ. ಹೀಗಾಗಿ ಆಯ್ಕೆಯಲ್ಲಿ ನಾದಕ್ಕಿಂತ ತಯಾರಕರ ಕೈಚಳಕ, ದೊರೆಯುವ ಮರ ಹಾಗೂ ಮುಂದಿನ ದುರಸ್ತಿಯ ಅನುಕೂಲಗಳೇ ಹೆಚ್ಚು ನಿರ್ಣಾಯಕ.